ಶಾಲು ಹೊದಿಸಿ ಹಾಡು ತಪ್ಪಿಸಿದ್ದು

ಪಾರ್ಸಿಪನಿ, ಅಮೆರಿಕ,
೪ ನವೆಂಬರ್ ೨೦೨೪

ಪ್ರೀತಿಯ ಕೌಸಲ್ಯಾ,

ನಿನ್ನ ಮಂಡಿನೋವು ಹೇಗಿದೆ? ಬಾಣಂತಿ ಮಗಳು ಗಾರ್ಗಿ, ಮಗು ಇಬ್ಬರೂ ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಮೈಸೂರಿನಲ್ಲಿ ಚಳಿ ಶುರುವಾಗಿರಬೇಕು. ಮಗುವಿನ ಕಿವಿ ಮುಚ್ಚಲು ನಿನಗೆ ಹೇಳಿಕೊಡಬೇಕಾಗಿಲ್ಲ. ನಾನು ಆರೋಗ್ಯ. ಆದರೆ ಶನಿವಾರದಿಂದ ಮನಸ್ಸು ಕುದಿಯುತ್ತಿದೆ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ತಡೆದು ತಮ್ಮನ ಪರ ವಹಿಸುತ್ತೀ. ಅದಕ್ಕೇ ಇಮೇಲ್.

ನಮ್ಮ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಪಕ್ಕದ ಮನೆಯ ಮಿಸೆಸ್ ಲೋಮ್ಯಾಕ್ಸ್ ಅವರಿಗೆ ಸನ್ಮಾನವಿತ್ತಲ್ಲ, ಸಂಘದ ಮಕ್ಕಳಿಗೆ ಪಿಯಾನೋ ಕಲಿಸಿದ್ದಕ್ಕೆ. ಕಾರ್ಯದರ್ಶಿಯಾದ ನಿನ್ನ ತಮ್ಮ ಮುಕುಂದನೇ ಹೋಗಿ ಆಹ್ವಾನಿಸಿ, ಒಂದು ಹಾಡು ಹಾಡಲೇಬೇಕೆಂದು ಕೇಳಿದ್ದ. ತೊಂಬತ್ತಾರು ವರ್ಷದ ಹೆಂಗಸು. ಸಭೆಯಲ್ಲಿ ಹಾಡಿ ದಶಕಗಳೇ ಆಗಿದ್ದವು. ವಾರವೆಲ್ಲ ಗೋಡೆಯಾಚೆಯಿಂದ ಅವರ ಅಭ್ಯಾಸ ಕೇಳಿಸುತ್ತಿತ್ತು. "ಇದೊಂದನ್ನು ಹಾಡಿಬಿಟ್ಟರೆ ಸಾಕು" ಎಂದು ನನ್ನೆದುರು ಹೇಳಿದ್ದರು.

ಪರಿಚಯ ಬರೆದುಕೊಟ್ಟವನು ನಾನು. ಪ್ರತಿಯೊಂದನ್ನೂ ಅವರಿಂದಲೇ ಕೇಳಿ ಬರೆದಿದ್ದೆ. ಹದಿನೇಳನೇ ವಯಸ್ಸಿಗೇ ನ್ಯೂಯಾರ್ಕಿನ ರೇಡಿಯೋದಲ್ಲಿ, ಸೋಪು ಕಂಪನಿಯೊಂದು ನಡೆಸುತ್ತಿದ್ದ ಸಂಜೆಯ ಕಾರ್ಯಕ್ರಮದ ಗಾಯಕಿ. ಎಲ್ಲವೂ ನೇರಪ್ರಸಾರ, ತಪ್ಪಿದರೆ ತಿದ್ದಿಕೊಳ್ಳುವಂತಿಲ್ಲ. ಕೇಳುಗರ ಪತ್ರಗಳು ಚೀಲಗಟ್ಟಲೆ ಬರುತ್ತಿದ್ದವು. ಟೆಲಿವಿಷನ್ ಬಂದ ಮೇಲೆ ಕಂಪನಿ ಅತ್ತ ತಿರುಗಿತು, ಕಾರ್ಯಕ್ರಮ ನಿಂತಿತು, ಇವರು ಶಾಲೆಯಲ್ಲಿ ಸಂಗೀತ ಕಲಿಸತೊಡಗಿದರು. ನಿರೂಪಕಿ ನನ್ನ ಹಾಳೆಯನ್ನು ಮಡಚಿಟ್ಟು "ಹಾಲಿವುಡ್ ಸ್ಟಾರ್, ಟೀವಿಯ ಮಹಾರಾಣಿ" ಎಂದಳು. ಅವರ ಅನ್ನ ಕಿತ್ತುಕೊಂಡದ್ದೇ ಟೀವಿ!

ಆಮೇಲೆ ಭಾಷಣಗಳು. ಪ್ರಾಯೋಜಕ ಬದರೀನಾಥ, ಕನ್ನಡ ಉಳಿಸುವ ಬಗೆಯನ್ನು ಇಂಗ್ಲಿಷಿನಲ್ಲಿ ವಿವರಿಸಿದ. ಮೈಸೂರು ಪೇಟ ಕಿವಿಯವರೆಗೆ ಜಾರಿ, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟುಕೊಂಡು, ಪಾಪ, ಮಿಸೆಸ್ ಲೋಮ್ಯಾಕ್ಸ್ ಕೂತೇ ಇದ್ದರು. ಕೊನೆಗೆ ಎದ್ದು ಮೈಕಿನತ್ತ ಬಂದರೆ ಮುಕುಂದ ಕೈಗೆ ಸ್ಮರಣಿಕೆ ಕೊಟ್ಟು, ಫೋಟೋಗೆ ನಿಲ್ಲಿಸಿ, ಕಾರ್ಯಕ್ರಮ ಮುಗಿಯಿತೆಂದು ಸಾರಿದ. ಓಡಿಹೋಗಿ ಹಾಡಿನ ವಿಷಯ ಕೇಳಿದೆ. "ಭಾವ, ಟೈಮ್ ಇಲ್ಲ, ಬಿಸಿಬೇಳೆಬಾತ್ ಆರಿಹೋಗ್ತಿದೆ. ಆಂಟಿಗೆ ಶಾಲು ಹೊದಿಸಿದ್ವಲ್ಲ, ಶೀ ಈಸ್ ಹ್ಯಾಪಿ!" ಎಂದ. ಹ್ಯಾಪಿಯೆಂದು ಇವನಿಗೆ ಹೇಳಿದವರು ಯಾರು? ಹಾಡುವವರನ್ನು ಕರೆದು ಹಾಡಿಸದೆ ಕಳಿಸುವುದಕ್ಕೆ ಸನ್ಮಾನವೆಂದು ಹೆಸರೇ?

ಮನೆಗೆ ಬರುವಾಗ ಕಾರಿನಲ್ಲಿ ಅವರು ಕೇಳಿದ್ದು ಒಂದೇ ಮಾತು: "ಜಯತೀರ್ಥ, ನನ್ನಿಂದ ತಡವಾಯಿತೇ?" ನಾನು ರಸ್ತೆ ನೋಡುತ್ತಾ ಡ್ರೈವ್ ಮಾಡಿದೆ.

ನಿನ್ನೆ ಸಂಘದ ಸಮಿತಿಗೆ ರಾಜೀನಾಮೆ ಕಳಿಸಿದೆ. ಮುಕುಂದ ನಿನಗೆ ಫೋನ್ ಮಾಡಿ "ಭಾವಂಗೆ ಸ್ವಲ್ಪ ಹೇಳಕ್ಕಾ" ಅನ್ನುತ್ತಾನೆ. ಹೇಳಬೇಡ.

ಗಾರ್ಗಿಗೂ ಮಗುವಿಗೂ ನನ್ನ ಆಶೀರ್ವಾದ. ನೀನು ಮಾತ್ರೆ ಮರೆಯಬೇಡ.

ನಿನ್ನ,
ಜಯತೀರ್ಥ

ತಾ.ಕ.: ಇದನ್ನು ಕಳಿಸಬೇಕು ಅನ್ನುವಷ್ಟರಲ್ಲಿ ಮಿಸೆಸ್ ಲೋಮ್ಯಾಕ್ಸ್ ಬಾಗಿಲು ತಟ್ಟಿದರು. ಬರುವ ಭಾನುವಾರ ನಿಮ್ಮ ಸಂಜೆಗೆ ಫೋನಿನಲ್ಲಿ ನಿನಗೆ ಆ ಹಾಡು ಹಾಡುತ್ತಾರಂತೆ. ತಪ್ಪಿಸಬೇಡ, ಗಾರ್ಗಿಯನ್ನೂ ಪಕ್ಕದಲ್ಲಿ ಕೂರಿಸಿಕೋ. ವಿಡಿಯೋ ಹಾಕಲೇ ಎಂದೆ. "ಬೇಡ, ಕೇಳುವವರು ಕಾಣದಿದ್ದರೇ ನಾನು ಚೆನ್ನಾಗಿ ಹಾಡೋದು" ಎಂದರು.