ನನ್ನ ತೊಂಬತ್ತೊಂದು

ಏಪ್ರಿಲ್ ೮, ಮಂಗಳವಾರ. ಭಾಲ್ಕಿ.

ಸಿಟ್ಟು ಇನ್ನೂ ಇಳಿದಿಲ್ಲ. ಮುಂಜಾನಿ ಪಿಯುಸಿ ರಿಸಲ್ಟ್ ಬಂತು, ನನಗ ತೊಂಬತ್ತೊಂದು ಪರ್ಸೆಂಟ್. ಖುಷಿಗಿ ಅವ್ವನ ತೆಕ್ಕಿ ಬಡಕೊಂಡು ಅತ್ತೆ.

ಅಷ್ಟರಾಗ ಬೀದರದಿಂದ ಅನೀಲ ಕಾಕಾ ಫೋನ್ ಮಾಡಿದ. ಅವನ ಮಗಳು ಶೀತಲಗ ತೊಂಬತ್ತೈದು ಅಂತ. ಅಪ್ಪ ತಡ ಮಾಡಲಿಲ್ಲ. "ನಮ್ಮ ಮಲ್ಲೇಶ್ವರಿಗಿ ತೊಂಬತ್ತಾರು ನೋಡಪಾ" ಅಂದುಬಿಟ್ಟ. ನಾ ಬಾಜೂಕೇ ಕುಂತಿದ್ದೆ!

ಎರಡು ವರ್ಷ ನಸುಕಿನ್ಯಾಗ ಎದ್ದು ಓದಿದವಳು ನಾನು. ನಾ ತಂದ ಮಾರ್ಕ್ಸು ಹೇಳಲಿಕ್ಕಿ ಅಪ್ಪಗ ಅಷ್ಟು ನಾಚಿಕಿ ಆತೇನು?

ಫೋನ್ ಕಸಗೊಂಡೆ. "ಕಾಕಾ, ತೊಂಬತ್ತೊಂದು ರೀ. ಅಪ್ಪ ತಪ್ಪು ಹೇಳ್ಯಾನ."

ಕಾಕಾ "ಭಾಳ ಛಲೋ ಆತು ಬಿಡವಾ" ಅಂದ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗ ನಡೆದುಬಿಟ್ಟ.

"ತಮ್ಮನ ಮುಂದ ನಿಮ್ಮಪ್ಪನ ಮಾನ ಕಳದಿ" ಅಂತ ಅವ್ವ ಒದರಿದಳು.

"ನನ್ನ ಮಾರ್ಕ್ಸಿಗಿ ಮಾನ ಇಲ್ಲೇನು ಅವ್ವಾ?" ಅಂದೆ.

ಅಪ್ಪ ಕತ್ತಲಾದ ಮ್ಯಾಲ ಬಂದು, ಉಣ್ಣದೇ ಮಲಗ್ಯಾನ. ಹೋಗಿ ಮಾಫಿ ಕೇಳು ಅಂತಾಳ ಅವ್ವ. ಛಲೋ ಪಾಸಾಗಿದ್ದಕ್ಕ ಮಾಫಿ ಹ್ಯಾಂಗ ಕೇಳಬೇಕೋ ನನಗ ಗೊತ್ತಿಲ್ಲ.