ಕೆರೆಯಂಗಳದ ಬದಲಿಗೆ

ಹಲಗೂರು ಹೋಬಳಿ
೧೨–೩–೧೯೪೪

ಮಳವಳ್ಳಿ ಅಮಲ್ದಾರ್ ಸಾಹೇಬರ ಸನ್ನಿಧಾನಕ್ಕೆ ಪಟೇಲ ಮರಿಯಯ್ಯನ ಅರಿಕೆ.

ನಮ್ಮೂರಲ್ಲಿ ಸಂಸಾರಗಳು ಹೆಚ್ಚಿ ಒಂದೊಂದು ಮನೆಯಲ್ಲೂ ಮೂರು ಒಲೆ ಉರಿಯುತ್ತಿವೆ. ಅದಕ್ಕೇ ಕೆರೆಯಂಗಳದಲ್ಲಿ ನಿವೇಶನ ಕೊಡಿಸಿರೆಂದು ನಾನೇ ಬರೆದಿದ್ದೆ. ಮೊನ್ನೆ ಅಲ್ಲಿ ಗೂಟ ಹೊಡೆಯುವಾಗ ನನ್ನ ತಾಯಿ ಚಿಕ್ಕಬೋರಮ್ಮ ಅಡ್ಡ ಬಂದು ಕೂತರು.

"ಕೆರೆ ಮುಚ್ಚಿ ಮನೆ ಕಟ್ಟುದ್ರೆ ಗದ್ದೆಗೆ ನೀರ್ ಎಲ್ಲಿಂದ ತತ್ತೀಯ್ಲಾ?" ಎಂದು ನನ್ನನ್ನು ಕೇಳಿದರು.

"ಮತ್ತೆ ನಾವ್ ಎಲ್ಲಿರ್ಬೇಕವ್ವ?" ಎಂದರು ಊರವರು.

"ನಮ್ ದಿಣ್ಣೆ ಒಲ ಐತಲ್ಲ, ಅಲ್ಲಿ ಕಟ್ಕಳಿ."

ಆದಕಾರಣ ನನ್ನ ಹಳೆಯ ಅರ್ಜಿಯನ್ನು ವಜಾ ಮಾಡಿ, ಆ ಹೊಲವನ್ನೇ ನಿವೇಶನಕ್ಕೆ ತೆಗೆದುಕೊಳ್ಳಬೇಕು. ಅದರ ಮೂಡಲ ಮೂಲೆಯಲ್ಲಿ ನಮ್ಮ ತಂದೆಯವರನ್ನು ಮಣ್ಣು ಮಾಡಿದ್ದೇವೆ. ಅಷ್ಟು ಜಾಗ ಬಿಟ್ಟು ಅಳೆಯುವಂತೆ ಸರ್ವೆಯವರಿಗೆ ಅಪ್ಪಣೆಯಾಗಬೇಕು. ಇದನ್ನು ತಾಯಿ ಕೇಳಲಿಲ್ಲ, ನಾನು ಕೇಳುತ್ತಿದ್ದೇನೆ.

ತಮ್ಮ ವಿಧೇಯ,
ಮರಿಯಯ್ಯ