ಕಾಲು ಸುತ್ತು ಸಡಿಲ

ಫೆಬ್ರವರಿ 3

ಏಳಕ್ಕೇ ಅಂಗಡಿ ತೆಗೆದೆ. ಮೂರು ಪಂಕ್ಚರ್, ಒಂದು ಬ್ರೇಕ್ ವೈರ್. ಆಮೇಲೆ ನನ್ನ ಮಗಳ ಸೈಕಲ್ಲಿನ ಹಿಂದಿನ ಚಕ್ರ. ಮತ್ತೆ ಎರಡು ಸ್ಪೋಕ್ ಕಡ್ಡಿ ತುಂಡು. ನಿನ್ನೆಯ ರೇಸಿನಲ್ಲಿ ಅರ್ಧ ದಾರಿಗೇ ಇಳಿದು ತಳ್ಳಿಕೊಂಡು ಬಂದಳು. ಇದು ಎರಡನೆಯ ಸಲ. ಎರಡೂ ಸಲ ಚಕ್ರ ಕಟ್ಟಿದ್ದು ನಾನೇ.

ಬಾಗಿಲಲ್ಲಿ ನಿಂತು ಹೇಳಿದಳು: "ಅಮ್ಮ, ಇನ್ಮೇಲೆ ನಿನ್ನ ಚಕ್ರ ಬೇಡ. ಮಾರ್ಚ್ ರೇಸಿಗೆ ರೆಡಿಮೇಡ್ ತರಿಸ್ತೀನಿ."

ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಯಾರ್ಯಾರೋ ಹುಡುಕಿಕೊಂಡು ಬರುತ್ತಾರೆ. ಹದಿನೇಳು ವರ್ಷದ ನನ್ನ ಮಗಳಿಗೆ ಮಾತ್ರ ಬೇಡವಂತೆ! "ತರಿಸ್ಕೋ ಹೋಗು" ಅಂದೆ. ಮಧ್ಯಾಹ್ನ ಊಟ ಸೇರಲಿಲ್ಲ.

ಫೆಬ್ರವರಿ 5

ನರ್ಸಮ್ಮ ಬಂದಿದ್ದರು. ಆಸ್ಪತ್ರೆ ಕೆಲಸದಿಂದ ರಿಟೈರ್ ಆಗಿ ಹತ್ತು ವರ್ಷ, ಸೈಕಲ್ಲಿನಿಂದ ಮಾತ್ರ ಇನ್ನೂ ರಿಟೈರ್ ಆಗಿಲ್ಲ. ಕಾಯುವಾಗ ಓದಲು ಚೀಲದಲ್ಲಿ ಸದಾ ಒಂದು ಪುಸ್ತಕ. ಇವತ್ತಿನದು ತಾವೋ ಬಗ್ಗೆ.

"ಏನದು ತಾವೋ?" ಎಂದೆ.

"ದಾರಿ ಅಂತ ಅರ್ಥ. ಹಳೇ ಕಾಲದ ಚೀನಾದವರ ವಿಚಾರ. ಪ್ರತಿಯೊಂದಕ್ಕೂ ತನ್ನದೇ ಒಂದು ಹರಿವು ಇರುತ್ತೆ. ಅದರ ಜೊತೆ ಹೋದ್ರೆ ಬದುಕು ಹಗುರ. ಗುದ್ದಾಡಿದ್ರೆ ಭಾರ."

ನಾನು ಅವರ ಚಕ್ರದ ಬೆಂಡ್ ತೆಗೆಯುತ್ತಿದ್ದೆ. ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿ ಕೇಳಿದರು: "ಅಲ್ಲಮ್ಮ, ನೀನು ಯಾವತ್ತಾದ್ರೂ ಒಂದು ಕಡ್ಡೀನ ಸಡಿಲ ಮಾಡಿದ್ದುಂಟಾ?"

ಎಂದೂ ಇಲ್ಲ. ರಿಮ್ ಎಡಕ್ಕೆ ವಾಲಿದರೆ ಬಲಗಡೆಯ ಕಡ್ಡಿ ಬಿಗಿಸುತ್ತೇನೆ. ಬಲಕ್ಕೆ ವಾಲಿದರೆ ಎಡಗಡೆಯದು. ಮತ್ತೂ ವಾಲಿದರೆ ಮತ್ತೂ ಬಿಗಿ. ಸಡಿಲ ಮಾಡುವುದು ಕೈಲಾಗದವರ ಕೆಲಸ ಎಂದುಕೊಂಡಿದ್ದೆ. ಹೋಗುವಾಗ ಪುಸ್ತಕ ಬೇಕೆಂದೇ ಬಿಟ್ಟು ಹೋದರು.

ಫೆಬ್ರವರಿ 9

ಪುಸ್ತಕ ತೆಳ್ಳಗಿದೆ. ತಲೆಗೆ ಹತ್ತುವುದು ನಿಧಾನ. ಯಿನ್, ಯಾಂಗ್ ಅಂತ ಎರಡು — ನೆರಳು-ಬೆಳಕು, ವಿಶ್ರಾಂತಿ-ದುಡಿತ, ಸಡಿಲ-ಬಿಗಿ. ಒಂದು ಇನ್ನೊಂದನ್ನು ಸೋಲಿಸಬೇಕಾಗಿಲ್ಲ. ಎರಡೂ ಸೇರಿದರೇ ಬದುಕು. ನನ್ನ ಬದುಕಿನಲ್ಲಿ ಯಾಂಗ್ ಒಂದೇ, ಅದೂ ಓವರ್‌ಟೈಮ್.

ಇನ್ನೊಂದು ಮಾತು — ವೂ ವೇ. ಮಾಡದೆ ಮಾಡುವುದಂತೆ. ಇದು ತುಂಬ ಹಿಡಿಸಿತು. ಮಾಡದೆಯೇ ಆಗುವುದಾದರೆ ಯಾರಿಗೆ ಬೇಡ!

ಫೆಬ್ರವರಿ 11

ಮಾನ ಹೋಯಿತು. ಪೇಪರ್ ಹಾಕುವಾತನ ಚಕ್ರದ ಕಡ್ಡಿಗಳನ್ನೆಲ್ಲ ಸಡಿಲ ಬಿಟ್ಟು ಕೊಟ್ಟಿದ್ದೆ. ತಾನಾಗಿಯೇ ಸರಿಹೋಗಲಿ ಎಂದು! ಮೊದಲ ತಿರುವಿನಲ್ಲೇ ಚಕ್ರ ಎಂಟರ ಆಕಾರ. ಪೇಪರೆಲ್ಲ ಚರಂಡಿಗೆ. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ನಡೆದುಕೊಂಡು ಬಂದು ಕೇಳಿದ: "ಅಕ್ಕ, ನಾನು ನಿಮಗೆ ಏನು ತಪ್ಪು ಮಾಡಿದ್ದೆ ಹೇಳಿ."

ಕೈ ಮುಗಿದು ಹೊಸ ರಿಮ್ ಹಾಕಿಕೊಟ್ಟೆ. ನರ್ಸಮ್ಮ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಕೈ ಕಟ್ಟಿ ಕೂರೋದಲ್ಲ ಕಣಮ್ಮ ಅದು! ಬಲವಂತ ಇಲ್ಲದೆ ಮಾಡೋದು. ನಾಡಿ ನೋಡೋವಾಗ ಜೋರಾಗಿ ಒತ್ತಿದ್ರೆ ನಾಡಿ ಸಿಗಲ್ಲ. ಕೈ ತೆಗೆದ್ರೂ ಸಿಗಲ್ಲ. ಹಗುರವಾಗಿ ಬೆರಳಿಟ್ಟು, ಅದು ಏನು ಹೇಳುತ್ತೋ ಕೇಳ್ಬೇಕು."

ಫೆಬ್ರವರಿ 15

ಮಗಳ ಚಕ್ರ ಪೂರ್ತಿ ಬಿಚ್ಚಿ ಹೊಸ ಕಡ್ಡಿ ಹಾಕಿದೆ. ಅವಳು ಕೇಳಿಲ್ಲ, ನಾನು ಹೇಳಿಲ್ಲ.

ಒಂದೊಂದು ಕಡ್ಡಿಯನ್ನೂ ಬೆರಳಿನಿಂದ ಮೀಟಿ ನೋಡಿದೆ. ಬಿಗಿ ಹೆಚ್ಚಾದದ್ದು ಕೀರಲು, ತುಂಡಾಗುವುದೂ ಅದೇ. ಕಡಿಮೆಯಾದದ್ದು ಮಂಕು. ರಿಮ್ ವಾಲಿದ ಕಡೆ ಕಾಲು ಸುತ್ತು ಸಡಿಲ, ಎದುರಿನದು ಕಾಲು ಸುತ್ತು ಬಿಗಿ. ಮೊದಲ ಸಲ ಸಡಿಲ ಮಾಡಿದ್ದನ್ನು ಎರಡು ಸಲ ಮತ್ತೆ ಬಿಗಿಸಿಬಿಟ್ಟೆ, ಸುಳ್ಳು ಯಾಕೆ ಹೇಳಲಿ. ಮೂರು ದಿನ ಹಿಡಿಯಿತು. ಈಗ ಒಂದೊಂದು ಬದಿಯ ಕಡ್ಡಿಗಳಿಗೂ ಒಂದೇ ದನಿ. ತಿರುಗಿಸಿದರೆ ರಿಮ್ ಅತ್ತ ಇತ್ತ ಕೂದಲೆಳೆಯಷ್ಟೂ ಅಲುಗದು. ಒಬ್ಬಳೇ ಚಪ್ಪಾಳೆ ತಟ್ಟಿದೆ!

ಫೆಬ್ರವರಿ 16

ಒಂದು ಯೋಚನೆ ಬೆಳಿಗ್ಗೆಯಿಂದ ಕೊರೆಯುತ್ತಿದೆ. ಮಗಳನ್ನೂ ಹೀಗೇ ಬಿಗಿದಿದ್ದೇನೆ. ಐದಕ್ಕೆ ಏಳು, ಇಷ್ಟು ತಿನ್ನು, ಇಷ್ಟು ಕಿಲೋಮೀಟರ್ ತುಳಿ, ಫೋನ್ ಇಡು. ವಾಲಿದಾಗಲೆಲ್ಲ ಇನ್ನೊಂದು ಸುತ್ತು. ಮುರಿದದ್ದು ಬರೀ ಕಡ್ಡಿಯಲ್ಲ...

ನಾಳೆ ಎಬ್ಬಿಸುವುದಿಲ್ಲ.

ಫೆಬ್ರವರಿ 17, ಬೆಳಿಗ್ಗೆ

5:00. ಟೀ ಲೋಟ ಹಿಡಿದು ಕೂತಿದ್ದೇನೆ.

5:10. ಕಾಲು ತಾನಾಗಿಯೇ ಅವಳ ರೂಮಿನ ಕಡೆ ಹೋಗುತ್ತದೆ. ವಾಪಸ್ ಕರೆದೆ.

5:25. ಬಾಗಿಲು ತೆರೆಯಿತು. ತಾನೇ ಎದ್ದು ಬಂದಳು, ಶೂ ಹಾಕಿಕೊಂಡು! ನನ್ನ ಹಣೆ ಮುಟ್ಟಿ ನೋಡಿದಳು. "ಯಾಕಮ್ಮ ಎಬ್ಬಿಸ್ಲಿಲ್ಲ? ಹುಷಾರಿಲ್ವಾ?"

ಮಾರ್ಚ್ 6

ಡೈರಿ ಬರೆಯದೆ ಎರಡು ವಾರದ ಮೇಲಾಯಿತು. ಬರೆಯುವಂಥ ಜಗಳವೇ ಆಗಿಲ್ಲ. ನಾನು ಕಟ್ಟಿದ ಚಕ್ರ ಅಂಗಡಿ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ. ರೆಡಿಮೇಡ್ ಚಕ್ರ ಬಂದಾಯಿತು, ಹೊಳೆಯುತ್ತಿದೆ. ಹಾಳಾದ್ದು ಚೆನ್ನಾಗಿಯೂ ಇದೆ. ಅದಕ್ಕೆ ಗಾಳಿ ತುಂಬಿಕೊಟ್ಟೆ.

ಸಂಜೆ ಮಗಳು ಅಂಗಡಿಗೆ ಬಂದವಳು ಮೊಳೆಯ ಹತ್ತಿರ ನಿಂತಳು. ಕಡ್ಡಿ ಮೀಟಿದಳು. ತಿರುಗಿಸಿ, ನಿಲ್ಲುವವರೆಗೂ ನೋಡಿದಳು.

"ಇದು ನೀನು ಕಟ್ಟಿದ್ದಾ?"

"ಹೂಂ."

"ನನಗಾ?"

"ನಿನಗೆ ಬೇಕಾದ್ರೆ." ಇಷ್ಟು ಹೇಳಲು ಎಷ್ಟು ಕಷ್ಟವಾಯಿತು ಎಂದು ನನಗೇ ಗೊತ್ತು.

"ಓಡ್ಸಿ ನೋಡ್ತೀನಿ. ಸರಿಯಿಲ್ದಿದ್ರೆ ವಾಪಸ್," ಎಂದು ಎತ್ತಿಕೊಂಡು ಹೋದಳು.

ಮಾರ್ಚ್ 8

ಚಕ್ರ ವಾಪಸ್ ಬಂದಿಲ್ಲ.

ಮಾರ್ಚ್ 11

ಇನ್ನೂ ಬಂದಿಲ್ಲ!

ಮಾರ್ಚ್ 15, ಬೆಳಿಗ್ಗೆ 9:40

ರೇಸ್ ಮುಗಿಯುವ ಗೆರೆಯ ಪಕ್ಕದಲ್ಲಿ ಕೂತಿದ್ದೇನೆ. ಹಿಂದಿನ ಚಕ್ರ ನನ್ನದೇ. ಹೊರಡುವಾಗ ಸಾವಿರ ಮಾತು ಗಂಟಲಿಗೆ ಬಂದವು. "ಹೋಗಿ ಬಾ" ಎಂದಷ್ಟೇ ಹೇಳಿದೆ. ಕಡ್ಡಿ ಮುರಿದರೆ ಅವಳು ಇನ್ನೆಂದೂ ನನ್ನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಭಯವಾಗುತ್ತಿದೆ. ಕೈಗೆ ಕೆಲಸವಿರಲಿ ಎಂದು ಡೈರಿ ತಂದಿದ್ದೇನೆ.

10:55

ಗೆದ್ದಳು! ನನ್ನ ಮಗಳು ಗೆದ್ದಳು!

ಕೊನೆಯ ಇಳಿಜಾರು ಪೂರಾ ಜಲ್ಲಿಕಲ್ಲು. ಮುಂದಿದ್ದ ಇಬ್ಬರೂ ಬ್ರೇಕ್ ಹಿಡಿದರು. ಇವಳು ಹಿಡಿಯಲಿಲ್ಲ. ಸೈಕಲ್ ಕುಣಿಯಿತು, ಚಕ್ರ ವಾಲಲಿಲ್ಲ. ನಾನು ಕೂಗಿದ ಕೂಗಿಗೆ ಪಕ್ಕದವರು ಎರಡು ಹೆಜ್ಜೆ ದೂರ ಸರಿದರು. ಸರಿಯಲಿ.

ಗೆರೆ ದಾಟಿ ನೇರ ನನ್ನ ಹತ್ತಿರವೇ ಬಂದಳು. ಏದುಸಿರು. "ಚಕ್ರ ಹೇಗಿತ್ತು?" ಎಂದು ಕೇಳಿಯೇ ಬಿಟ್ಟೆ, ತಡೆಯಲಾಗಲಿಲ್ಲ.

"ಚಕ್ರನಾ? ಅದೊಂದು ಇದೆ ಅನ್ನೋದೇ ಮರ್ತುಹೋಗಿತ್ತಮ್ಮ!"

ಇಪ್ಪತ್ತೆರಡು ವರ್ಷದಲ್ಲಿ ಇದಕ್ಕಿಂತ ದೊಡ್ಡ ಮಾತು ಯಾರೂ ಹೇಳಿಲ್ಲ. ನರ್ಸಮ್ಮನಿಗೆ ಫೋನ್ ಮಾಡಬೇಕು. ಆದರೆ ಈಗ ವೇದಿಕೆಯ ಮೇಲೆ ಅವಳು ಮೈಕ್ ಕಿತ್ತುಕೊಂಡು ಕೂಗುತ್ತಿದ್ದಾಳೆ — "ಚಕ್ರ ಕಟ್ಟಿದ್ದು ನಮ್ಮಮ್ಮ! ಅಮ್ಮ, ಮೇಲೆ ಬಾ!" ಎಲ್ಲರೂ ಈ ಕಡೆಗೇ ತಿರುಗಿದ್ದಾರೆ. ಉಗುರಿನಲ್ಲಿ ಗ್ರೀಸ್, ಕಣ್ಣು ಬೇರೆ ಮಂಜು... ಇಗೋ, ಅವಳೇ ಇಳಿದು ಬರುತ್ತಿದ್ದಾಳೆ, ಎಳೆದುಕೊಂಡು ಹೋಗುವುದಕ್ಕೆ, ಬರೆಯುತ್ತಿರುವ ಕೈಯನ್ನೇ ಹಿಡಿ—